ನಾಲ್ಕು ಬೆಲ್ಟ್‌ಗಳ ಚಾಂಪಿಯನ್‌ಗೆ ಮುಂದಿನ ಎದುರಾಳಿಯನ್ನು ಗೊತ್ತುಮಾಡುವವರು ಯಾರು?

ತುಂಗಾತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ವೃತ್ತಿಪರ ಬಾಕ್ಸಿಂಗ್ ಅನ್ನು ನಾನು ಗಮನವಿಟ್ಟು ನೋಡಲು ಆರಂಭಿಸಿದ್ದು ಇತ್ತೀಚೆಗೆ, ಅದೂ ಜಪಾನಿನ ನಾವೊಯಾ ಇನೊಯೆ ಅವರ ಪಂದ್ಯಗಳ ಮೂಲಕ. ಅವರು 2023ರ ಜುಲೈನಲ್ಲಿ ಸ್ಟೀಫನ್ ಫುಲ್ಟನ್ ಅವರನ್ನೂ ಅದೇ ವರ್ಷದ ಡಿಸೆಂಬರ್‌ನಲ್ಲಿ ಮಾರ್ಲನ್ ತಪಾಲೆಸ್ ಅವರನ್ನೂ ಸೋಲಿಸಿ ಸೂಪರ್ ಬ್ಯಾಂಟಮ್‌ವೇಟ್ (122 ಪೌಂಡ್ ಮಿತಿಯ) ವಿಭಾಗದ ನಾಲ್ಕೂ ಬೆಲ್ಟ್‌ಗಳನ್ನು, ಅಂದರೆ ನಾಲ್ಕು ಸಂಸ್ಥೆಗಳ ವಿಶ್ವ ಪಟ್ಟಗಳನ್ನು, ಒಟ್ಟುಗೂಡಿಸಿದರು ಎಂಬುದು ತಿಳಿದಿದೆ. ಅಲ್ಲಿಂದ ಮುಂದಿನದು ನನಗೆ ಅರ್ಥವಾಗುತ್ತಿಲ್ಲ. ಉಜ್ಬೇಕಿಸ್ತಾನದ ಮುರೊದ್‌ಜೋನ್ ಅಹ್ಮದಾಲಿಯೇವ್ ಈ ವಿಭಾಗದ ಅತ್ಯಂತ ಕಠಿಣ ಎದುರಾಳಿ ಎಂದು ಎಲ್ಲರೂ ಹೇಳುತ್ತಿದ್ದಾಗ, 2024ರ ಸೆಪ್ಟೆಂಬರ್‌ನಲ್ಲಿ ಇನೊಯೆ ಎದುರು ನಿಂತವರು 37 ವರ್ಷದ ಟಿ.ಜೆ. ಡೊಹೆನಿ. 2025ರ ಜನವರಿಯಲ್ಲಿ ನಿಂತವರು ದಕ್ಷಿಣ ಕೊರಿಯಾದ ಕಿಮ್ ಯೆ-ಜೂನ್. ಅಹ್ಮದಾಲಿಯೇವ್ ಅವರ ಸರದಿ ಬರುವ ಹೊತ್ತಿಗೆ 2025ರ ಸೆಪ್ಟೆಂಬರ್ ಆಗಿತ್ತು.

ಕ್ರಿಕೆಟ್‌ನಲ್ಲಿ ಯಾವ ತಂಡ ಯಾವ ದೇಶಕ್ಕೆ ಯಾವಾಗ ಹೋಗುತ್ತದೆ ಎಂಬುದು ವರ್ಷಗಳ ಮೊದಲೇ ಗೊತ್ತಿರುತ್ತದೆ. ಟೆನಿಸ್‌ನಲ್ಲಿ ಡ್ರಾ ಎತ್ತುತ್ತಾರೆ. ಬಾಕ್ಸಿಂಗ್‌ನಲ್ಲಿ ಚಾಂಪಿಯನ್ ಆದವನ ಮುಂದಿನ ಎದುರಾಳಿ ಯಾರೆಂದು ತೀರ್ಮಾನಿಸುವುದು ಯಾರು? ರ‍್ಯಾಂಕಿಂಗ್ ಪಟ್ಟಿ ಇದ್ದೂ ಒಂದನೇ ಸ್ಥಾನದವನು ಏಕೆ ಕಾಯುತ್ತಾನೆ? ಚಾಂಪಿಯನ್ ಬೇಕೆಂದೇ ತಪ್ಪಿಸಿಕೊಳ್ಳುತ್ತಾನೆಯೇ, ಅಥವಾ ಹೊರಗಿನವರಿಗೆ ಕಾಣದ ಕಾರಣಗಳಿವೆಯೇ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

---

ಹತ್ತನೇ_ಸುತ್ತು:

ತುಂಗಾತೀರ ಅವರೇ, ತಾವು ಆರಿಸಿಕೊಂಡ ಉದಾಹರಣೆ ಬಹಳ ಒಳ್ಳೆಯದು, ಏಕೆಂದರೆ ಎದುರಾಳಿಯನ್ನು ಹುಡುಕುವಾಗ ಎದುರಾಗಬಹುದಾದ ತೊಡಕುಗಳಲ್ಲಿ ಬಹುಪಾಲು ಇನೊಯೆ ಅವರ ಈ ಎರಡು ವರ್ಷಗಳಲ್ಲೇ ಸಿಗುತ್ತವೆ.

ಮೊದಲು ನಿಯಮದ ವಿಚಾರ. ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಎಂಬ ನಾಲ್ಕು ಸಂಸ್ಥೆಗಳು ತಮ್ಮ ತಮ್ಮ ರ‍್ಯಾಂಕಿಂಗ್ ಪಟ್ಟಿಯನ್ನು ಪ್ರತ್ಯೇಕವಾಗಿ ತಯಾರಿಸುತ್ತವೆ. ಆದ್ದರಿಂದ ‘ಒಂದನೇ ಸ್ಥಾನದವನು’ ಎಂದಾಗ ಯಾವ ಪಟ್ಟಿಯ ಒಂದನೆಯವನು ಎಂದು ಕೇಳಬೇಕಾಗುತ್ತದೆ. ಪ್ರತಿ ಸಂಸ್ಥೆಯೂ ಚಾಂಪಿಯನ್ ನಿಗದಿತ ಅವಧಿಯೊಳಗೆ ತಾನು ಗೊತ್ತುಮಾಡಿದ ಕಡ್ಡಾಯ ಸವಾಲುಗಾರನನ್ನು ಎದುರಿಸಬೇಕೆಂದು ಹೇಳುತ್ತದೆ. ಉಳಿದ ಸಮಯದಲ್ಲಿ ಆತ ಸಾಮಾನ್ಯವಾಗಿ ಮೊದಲ ಹದಿನೈದು ಸ್ಥಾನಗಳಲ್ಲಿರುವ ಯಾರನ್ನಾದರೂ ತನ್ನ ಇಷ್ಟದಂತೆ ಆರಿಸಿಕೊಳ್ಳಬಹುದು. ಒಂದೇ ಬೆಲ್ಟ್ ಇರುವವನಿಗೆ ಇದು ಹೇಗೋ ನಡೆಯುತ್ತದೆ. ನಾಲ್ಕು ಬೆಲ್ಟ್ ಇರುವವನಿಗೆ ನಾಲ್ಕು ಸಂಸ್ಥೆಗಳ ಕಡ್ಡಾಯ ಸವಾಲುಗಾರರು ಸಾಲಾಗಿ ನಿಲ್ಲುತ್ತಾರೆ, ಮತ್ತು ಸಂಸ್ಥೆಗಳು ಪರಸ್ಪರ ಸರದಿ ಗೊತ್ತುಮಾಡಿಕೊಳ್ಳದಿದ್ದರೆ ಯಾವುದಾದರೊಂದು ಬೆಲ್ಟ್ ಕೈತಪ್ಪುತ್ತದೆ. 2015ರ ನವೆಂಬರ್‌ನಲ್ಲಿ ಬ್ರಿಟನ್ನಿನ ಹೆವಿವೇಟ್ ಬಾಕ್ಸರ್ ಟೈಸನ್ ಫ್ಯೂರಿ ವ್ಲಾದಿಮಿರ್ ಕ್ಲಿಚ್ಕೊ ಅವರನ್ನು ಸೋಲಿಸಿದ ಬಳಿಕ ಎರಡು ವಾರ ಕಳೆಯುವ ಮೊದಲೇ ಐಬಿಎಫ್ ತನ್ನ ಬೆಲ್ಟನ್ನು ಹಿಂಪಡೆದುದು ಇದೇ ಕಾರಣಕ್ಕೆ: ಕ್ಲಿಚ್ಕೊ ಜೊತೆಗಿನ ಮರುಪಂದ್ಯ ಒಪ್ಪಂದದಲ್ಲೇ ಇತ್ತು, ಐಬಿಎಫ್‌ನ ಕಡ್ಡಾಯ ಸವಾಲುಗಾರನೋ ಬೇರೊಬ್ಬ.

ಆದರೆ ನಿಯಮ ತಿಳಿದ ಮಾತ್ರಕ್ಕೆ ಪಂದ್ಯ ಹೇಗೆ ಕೂಡಿಬರುತ್ತದೆ ಎಂಬುದು ತಿಳಿಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇನೊಯೆ ಅವರ ಮಟ್ಟದ ಚಾಂಪಿಯನ್‌ಗೆ ಮೊದಲು ಗೊತ್ತಾಗುವುದು ದಿನಾಂಕ ಮತ್ತು ಸ್ಥಳ. ಎದುರಾಳಿ ಬರುವುದು ಅನಂತರ. ಅವರ ಪಂದ್ಯಗಳ ದಿನಾಂಕಗಳನ್ನು ಒಟ್ಟಿಗೆ ಇಟ್ಟು ನೋಡಿ. ತಪಾಲೆಸ್ ಪಂದ್ಯ 2023ರ ಡಿಸೆಂಬರ್ 26ರಂದು, ಅಂದರೆ ವರ್ಷಾಂತ್ಯದಲ್ಲಿ. ಮೆಕ್ಸಿಕೊದ ಲೂಯಿಸ್ ನೆರಿ ಎದುರಿನ ಪಂದ್ಯ 2024ರ ಮೇ 6ರಂದು, ಜಪಾನಿನಲ್ಲಿ ಸಾಲು ಸಾಲು ರಜೆಗಳಿರುವ ವಾರದ ಕೊನೆಯಲ್ಲಿ. ಅದರ ಮುಂದಿನ ವರ್ಷಾಂತ್ಯಕ್ಕೆ ಡಿಸೆಂಬರ್ 24 ಗೊತ್ತಾಗಿತ್ತು. 2025ರ ಮೇ 4ಕ್ಕೆ ಲಾಸ್ ವೇಗಸ್; ಮೆಕ್ಸಿಕನ್ ಮೂಲದ ಪ್ರೇಕ್ಷಕರು ಆ ಊರಿಗೆ ಬಾಕ್ಸಿಂಗ್‌ಗಾಗಿಯೇ ಬರುವ ವಾರಾಂತ್ಯವದು, ಎದುರಾಳಿಯೂ ಸ್ಯಾನ್ ಆಂಟೋನಿಯೊದ ಮೆಕ್ಸಿಕನ್-ಅಮೆರಿಕನ್ ರಾಮೋನ್ ಕಾರ್ಡೆನಾಸ್. ಇನೊಯೆ ಅವರ ತರಬೇತಿ ಕೇಂದ್ರವಾದ ಒಹಾಶಿ ಜಿಮ್‌ನ ಮುಖ್ಯಸ್ಥ ಹಿದೆಯುಕಿ ಒಹಾಶಿ ಮತ್ತು ಪಂದ್ಯಗಳನ್ನು ಸಂಘಟಿಸುವ ಅಮೆರಿಕದ ಟಾಪ್ ರ‍್ಯಾಂಕ್ ಸಂಸ್ಥೆ ಸೇರಿ ಕ್ರೀಡಾಂಗಣವನ್ನೂ ಪ್ರಸಾರವನ್ನೂ ಹೊಂದಿಸಿಕೊಂಡ ಮೇಲೆ, ಆ ದಿನಕ್ಕೆ ಯಾರು ಸಿದ್ಧರಿರುತ್ತಾರೆ, ಯಾರಿಗೆ ಗಾಯವಿಲ್ಲ, ಯಾರು ಬೇರೆ ಒಪ್ಪಂದದಲ್ಲಿ ಸಿಕ್ಕಿಕೊಂಡಿಲ್ಲ, ಯಾರ ಹೆಸರಿಗೆ ಟಿಕೆಟ್ ಮಾರಾಟವಾಗುತ್ತದೆ ಎಂದು ಜರಡಿ ಹಿಡಿಯುತ್ತಾರೆ. ಈ ಜರಡಿಯಲ್ಲಿ ಅತ್ಯಂತ ಬಲಶಾಲಿಯೇ ಉಳಿಯಬೇಕೆಂದೇನಿಲ್ಲ.

ನೆರಿ ಪಂದ್ಯವನ್ನೇ ನೋಡೋಣ. ಟೋಕಿಯೊ ಡೋಮ್‌ನಲ್ಲಿ 1990ರ ಫೆಬ್ರುವರಿಯಲ್ಲಿ ಬಸ್ಟರ್ ಡಗ್ಲಸ್ ಮೈಕ್ ಟೈಸನ್ ಅವರನ್ನು ಕೆಡವಿದ ಮೇಲೆ ಬಾಕ್ಸಿಂಗ್ ನಡೆದಿರಲಿಲ್ಲ. ಅಂಥ ಜಾಗವನ್ನು ತುಂಬಿಸಲು ಜಪಾನಿನ ಪ್ರೇಕ್ಷಕರಿಗೆ ಹಳೆಯ ಸಿಟ್ಟಿರುವ ಹೆಸರೊಂದು ಬೇಕಿತ್ತು. ನೆರಿ 2017ರಲ್ಲಿ ಜಪಾನಿನ ಚಾಂಪಿಯನ್ ಶಿನ್‌ಸುಕೆ ಯಮನಾಕಾ ಅವರನ್ನು ಸೋಲಿಸಿದಾಗ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದ್ದರು. 2018ರ ಮರುಪಂದ್ಯಕ್ಕೆ ಮಿತಿಗಿಂತ ಪೌಂಡುಗಟ್ಟಲೆ ಹೆಚ್ಚು ತೂಕದೊಡನೆ ಬಂದಿದ್ದರು. ಜಪಾನ್ ಬಾಕ್ಸಿಂಗ್ ಆಯೋಗ ಅವರನ್ನು ನಿಷೇಧಿಸಿತ್ತು. 2024ರಲ್ಲಿ ಆ ನಿಷೇಧವನ್ನು ತೆಗೆದ ಮೇಲೆಯೇ ಪಂದ್ಯ ಸಾಧ್ಯವಾಯಿತು. ಆಗಲೂ ಸಂಘಟಕರಿಗೆ ನೆರಿ ಮೇಲೆ ನಂಬಿಕೆಯಿರಲಿಲ್ಲ. ಆತ ತೂಕದಲ್ಲಿ ವಿಫಲನಾದರೆ ಇರಲಿ ಎಂದು ಅದೇ ದಿನದ ಅಂಡರ್‌ಕಾರ್ಡ್‌ನಲ್ಲಿ (ಮುಖ್ಯ ಪಂದ್ಯಕ್ಕೆ ಮೊದಲು ನಡೆಯುವ ಪಂದ್ಯಗಳಲ್ಲಿ) ಒಬ್ಬರನ್ನು ಸಿದ್ಧವಾಗಿ ಇಟ್ಟುಕೊಂಡಿದ್ದರು. ಆ ಮೀಸಲು ಎದುರಾಳಿಯೇ ತಾವು ಕೇಳಿದ ಟಿ.ಜೆ. ಡೊಹೆನಿ. ಮೇ ತಿಂಗಳಲ್ಲಿ ಕಾಯ್ದಿರಿಸಿದವರಿಗೆ ಸೆಪ್ಟೆಂಬರ್‌ನಲ್ಲಿ ಅವಕಾಶ ಸಿಕ್ಕಿತು, ಮತ್ತು ಆ ಪಂದ್ಯ ಏಳನೇ ಸುತ್ತಿನಲ್ಲಿ ಅವರ ಬೆನ್ನುನೋವಿನಿಂದ ಮುಗಿಯಿತು.

ಅಂದಹಾಗೆ, ನೆರಿ ಅವರು ಮೊದಲ ಸುತ್ತಿನಲ್ಲೇ ಇನೊಯೆ ಅವರನ್ನು ನೆಲಕ್ಕುರುಳಿಸಿದ್ದರು. ವೃತ್ತಿಪರ ಬದುಕಿನಲ್ಲಿ ಇನೊಯೆ ಬಿದ್ದದ್ದು ಅದೇ ಮೊದಲು. ಆರನೇ ಸುತ್ತಿನಲ್ಲಿ ಅವರೇ ಗೆದ್ದರು ಎನ್ನುವುದು ಬೇರೆ ಮಾತು.

---

ಎಡಗೈ_ಆಟಗಾರ:

ಹತ್ತನೇ_ಸುತ್ತು ಅವರ ವಿವರಣೆ ಸರಿಯಾದದ್ದೇ, ಆದರೆ ಚಾಂಪಿಯನ್ ಕಡೆಯವರ ಮೇಲೆ ಅವರು ಸ್ವಲ್ಪ ಹೆಚ್ಚು ಮೃದುವಾಗಿದ್ದಾರೆ ಎಂದು ನನಗನಿಸುತ್ತದೆ. ಅಹ್ಮದಾಲಿಯೇವ್ 2023ರ ಏಪ್ರಿಲ್‌ನಲ್ಲಿ ತಪಾಲೆಸ್ ಎದುರು ಅಲ್ಪ ಅಂತರದಲ್ಲಿ, ತೀರ್ಪುಗಾರರಲ್ಲೇ ಒಮ್ಮತವಿಲ್ಲದ ನಿರ್ಣಯದಿಂದ ಸೋತು ಡಬ್ಲ್ಯುಬಿಎ ಮತ್ತು ಐಬಿಎಫ್ ಬೆಲ್ಟ್‌ಗಳನ್ನು ಕಳೆದುಕೊಂಡವರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಗೆದ್ದು ಡಬ್ಲ್ಯುಬಿಎ ಕಡ್ಡಾಯ ಸವಾಲುಗಾರನ ಸ್ಥಾನಕ್ಕೆ ಬಂದರು. ಇನೊಯೆ ನಾಲ್ಕೂ ಬೆಲ್ಟ್ ಪಡೆದ ಮೇಲೆ ಅಹ್ಮದಾಲಿಯೇವ್ ಅವರ ಸರದಿ ಬರುವವರೆಗೆ ನಾಲ್ಕು ಬೇರೆ ಬೇರೆ ಎದುರಾಳಿಗಳನ್ನು ಎದುರಿಸಿದರು. ಮಧ್ಯದಲ್ಲಿ ಅಹ್ಮದಾಲಿಯೇವ್ ಇನ್ನೊಂದು ಪಂದ್ಯವಾಡಿ ಚಾಂಪಿಯನ್ ಇರುವಾಗಲೇ ಸಂಸ್ಥೆ ತಾತ್ಕಾಲಿಕವಾಗಿ ಕೊಡುವ ಮಧ್ಯಂತರ ಬೆಲ್ಟನ್ನೂ ಪಡೆದುಕೊಂಡರು, ಇನೊಯೆ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದು ಬಹಿರಂಗವಾಗಿ ದೂರಿದರು. ಎಡಗೈ ಬಾಕ್ಸರ್, ಒಲಿಂಪಿಕ್ ಪದಕ ವಿಜೇತ, ಹೊಡೆತದಲ್ಲಿ ಬಲವಿದೆ, ಆದರೆ ಟಿಕೆಟ್ ಮಾರುವ ಹೆಸರಲ್ಲ. ಇಂಥವರನ್ನು ಎದುರಿಸುವುದರಲ್ಲಿ ಅಪಾಯ ಹೆಚ್ಚು, ಲಾಭ ಕಡಿಮೆ ಎಂದು ಲೆಕ್ಕ ಹಾಕುವುದು ಈ ವ್ಯವಹಾರದಲ್ಲಿ ಹೊಸದೇನಲ್ಲ. ಆ ಲೆಕ್ಕ ಇಲ್ಲಿಯೂ ನಡೆದಿರಬೇಕೆಂದು ಅನುಮಾನಿಸಲು ನನಗೆ ಸಂಕೋಚವಿಲ್ಲ.

ಆದರೂ ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ, ಮತ್ತು ಕಿಮ್ ಯೆ-ಜೂನ್ ಹೇಗೆ ಬಂದರು ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ. ಆಸ್ಟ್ರೇಲಿಯಾದ ಸ್ಯಾಮ್ ಗುಡ್‌ಮನ್ ಐಬಿಎಫ್ ಮತ್ತು ಡಬ್ಲ್ಯುಬಿಒ ಎರಡಕ್ಕೂ ಕಡ್ಡಾಯ ಸವಾಲುಗಾರರಾಗಿದ್ದರು. 2024ರ ನಡುವಿನಲ್ಲಿ ಇನೊಯೆಗಾಗಿ ಕಾಯುವ ಬದಲು ಜುಲೈನಲ್ಲಿ ತಮ್ಮ ಊರಾದ ವೊಲೊಂಗಾಂಗ್‌ನಲ್ಲಿ ಬೇರೊಂದು ಪಂದ್ಯ ಆಡಿದರು. ಸೆಪ್ಟೆಂಬರ್ ಜಾಗ ಡೊಹೆನಿಗೆ ಹೋಗುವುದಕ್ಕೆ ಅದೂ ಒಂದು ಕಾರಣ. ಕೊನೆಗೆ ಡಿಸೆಂಬರ್ 24 ಗೊತ್ತಾಯಿತು. ಪಂದ್ಯಕ್ಕೆ ಕೆಲವೇ ದಿನಗಳಿರುವಾಗ ಸ್ಪಾರಿಂಗ್‌ನಲ್ಲಿ (ಅಭ್ಯಾಸದ ಕಾದಾಟದಲ್ಲಿ) ಗುಡ್‌ಮನ್ ಅವರ ಎಡಗಣ್ಣಿನ ಮೇಲೆ ಗಾಯವಾಯಿತು. ಪಂದ್ಯ 2025ರ ಜನವರಿ 24ಕ್ಕೆ ಮುಂದೆ ಹೋಯಿತು. ಜನವರಿಯಲ್ಲಿ ಅದೇ ಗಾಯ ಮತ್ತೆ ಬಿಚ್ಚಿಕೊಂಡಿತು. ಹುಬ್ಬಿನ ಬಳಿಯ ಹೊಲಿಗೆ ನೋಡಲು ಸಣ್ಣದಾದರೂ ರಿಂಗಿನಲ್ಲಿ ಅದರ ಪರಿಣಾಮ ದೊಡ್ಡದು: ಒಂದು ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ತಾಗಿದರೂ ತೆರೆದುಕೊಂಡು ರಕ್ತ ಕಣ್ಣಿಗೆ ಇಳಿಯುತ್ತದೆ, ವೈದ್ಯರು ಪಂದ್ಯವನ್ನೇ ನಿಲ್ಲಿಸಬಹುದು. ಅದು ಪೂರ್ತಿ ಮಾಗದೆ ಯಾರೂ ಸ್ಪಾರಿಂಗ್‌ಗೂ ಬಿಡುವುದಿಲ್ಲ. ಸುಮಾರು ಎರಡು ವಾರ ಉಳಿದಿರುವಾಗ, ಟಿಕೆಟ್ ಮಾರಾಟವಾಗಿರುವಾಗ, ತೂಕ ಇಳಿಸಿಕೊಂಡು ಬರಬಲ್ಲ, ಪಟ್ಟಿಯ ಹದಿನೈದರೊಳಗೆ ಇರುವ, ವಿಮಾನ ಹತ್ತಲು ಸಿದ್ಧನಿರುವ ವ್ಯಕ್ತಿ ಯಾರು? ಕಿಮ್. ನಾಲ್ಕನೇ ಸುತ್ತಿನಲ್ಲಿ ಪಂದ್ಯ ಮುಗಿಯಿತು. ಆ ರಾತ್ರಿಯ ಆಯ್ಕೆಯನ್ನು ಟೀಕಿಸುವುದು ಸುಲಭ, ಪರ್ಯಾಯ ಹೆಸರನ್ನು ಹೇಳುವುದು ಕಷ್ಟ.

ಗುಡ್‌ಮನ್ ಮುಂದೆ ಮೇಲಿನ ತೂಕಕ್ಕೆ ಹೋಗಿ 2025ರ ಆಗಸ್ಟ್‌ನಲ್ಲಿ ರಿಯಾದ್‌ನಲ್ಲಿ ನಿಕ್ ಬಾಲ್ ಎದುರು ಸೋತರು. ಇನೊಯೆ ಪಂದ್ಯ ಅವರಿಗೆ ಇಂದಿಗೂ ಸಿಕ್ಕಿಲ್ಲ.

---

ತುಂಗಾತೀರ:

ಇಬ್ಬರಿಗೂ ಧನ್ಯವಾದಗಳು. ಮೀಸಲು ಎದುರಾಳಿಯನ್ನು ಅಂಡರ್‌ಕಾರ್ಡ್‌ನಲ್ಲಿ ಇಟ್ಟುಕೊಳ್ಳುವ ಪದ್ಧತಿ ನನಗೆ ಗೊತ್ತೇ ಇರಲಿಲ್ಲ. ಇನ್ನೊಂದು ಸಂದೇಹ ಉಳಿದಿದೆ. ಸಂಸ್ಥೆ ಕಡ್ಡಾಯ ಸವಾಲುಗಾರನನ್ನು ಸೂಚಿಸಿದ ಮೇಲೂ ಎರಡು ಕಡೆಯವರು ಹಣದ ವಿಷಯದಲ್ಲಿ ಒಪ್ಪದಿದ್ದರೆ ಏನಾಗುತ್ತದೆ? ಅಲ್ಲಿಗೇ ಪಂದ್ಯ ಬಿದ್ದುಹೋಗುತ್ತದೆಯೇ?

---

ಲೆಕ್ಕದ_ಪುಸ್ತಕ:

ಬಿದ್ದುಹೋಗುವುದಿಲ್ಲ, ಹರಾಜಿಗೆ ಹೋಗುತ್ತದೆ. ಸಂಸ್ಥೆ ಮೊದಲು ಮಾತುಕತೆಗೆ ಅವಧಿ ಕೊಡುತ್ತದೆ, ಅನೇಕ ಸಲ ಅದು ಮೂವತ್ತು ದಿನ. ಅಷ್ಟರೊಳಗೆ ಸಹಿ ಆಗದಿದ್ದರೆ ‘ಪರ್ಸ್ ಬಿಡ್’ ಕರೆಯುತ್ತಾರೆ. ನೋಂದಾಯಿತ ಪ್ರೊಮೋಟರ್‌ಗಳು (ಪಂದ್ಯ ಸಂಘಟಿಸುವವರು) ಮುಚ್ಚಿದ ಲಕೋಟೆಯಲ್ಲಿ ಮೊತ್ತ ಬರೆದು ಸಲ್ಲಿಸುತ್ತಾರೆ, ಎಲ್ಲರೆದುರು ಲಕೋಟೆ ತೆರೆಯುತ್ತಾರೆ, ಹೆಚ್ಚು ಬರೆದವರಿಗೆ ಪಂದ್ಯ ನಡೆಸುವ ಹಕ್ಕು ಹೋಗುತ್ತದೆ. ಆ ಮೊತ್ತವನ್ನು ಚಾಂಪಿಯನ್ ಮತ್ತು ಸವಾಲುಗಾರರ ನಡುವೆ ಸಂಸ್ಥೆ ಗೊತ್ತುಮಾಡಿದ ಪ್ರಮಾಣದಲ್ಲಿ ಹಂಚುತ್ತಾರೆ. ಇದಕ್ಕೆ ದೊಡ್ಡ ಉದಾಹರಣೆ 2022ರ ಜನವರಿಯದು: ಟೈಸನ್ ಫ್ಯೂರಿ ಮತ್ತು ಡಿಲಿಯನ್ ವೈಟ್ ನಡುವಿನ ಡಬ್ಲ್ಯುಬಿಸಿ ಪಂದ್ಯಕ್ಕೆ ಪ್ರೊಮೋಟರ್ ಫ್ರಾಂಕ್ ವಾರೆನ್ 4 ಕೋಟಿ 10 ಲಕ್ಷ ಡಾಲರ್‌ಗೂ ಹೆಚ್ಚು ಮೊತ್ತದ ಬಿಡ್ ಸಲ್ಲಿಸಿ ಗೆದ್ದರು, ಹಂಚಿಕೆ 80ಕ್ಕೆ 20 ಎಂದು ನಿಗದಿಯಾಗಿತ್ತು. ಪಂದ್ಯ ಏಪ್ರಿಲ್‌ನಲ್ಲಿ ವೆಂಬ್ಲಿಯಲ್ಲಿ ನಡೆಯಿತು.

ಇಲ್ಲಿ ಗಮನಿಸಬೇಕಾದದ್ದು ಇಷ್ಟೇ: ಬಿಡ್ ಗೆದ್ದವರು ಚಾಂಪಿಯನ್ ಕಡೆಯ ಪ್ರೊಮೋಟರ್ ಆಗಿರಬೇಕೆಂದಿಲ್ಲ, ಆದ್ದರಿಂದ ಪಂದ್ಯ ಎದುರಾಳಿಯ ಊರಿನಲ್ಲೂ ನಡೆಯಬಹುದು. ಇನೊಯೆ ಅಂಥವರ ವಿಷಯದಲ್ಲಿ ಈ ಭಯ ಕಡಿಮೆ, ಜಪಾನಿನಲ್ಲಿ ಸಿಗುವ ಹಣ ಆ ತೂಕದಲ್ಲಿ ಬೇರೆಲ್ಲೂ ಸಿಗುವುದಿಲ್ಲ. ಅದಕ್ಕೇ ಹೆಚ್ಚಿನವರು ಜಪಾನಿಗೆ ಬರುತ್ತಾರೆ.

ಚಾಂಪಿಯನ್‌ಗೆ ಬೇಡವೆನಿಸಿದರೆ ಇನ್ನೊಂದು ದಾರಿಯಿದೆ, ಬೆಲ್ಟನ್ನೇ ಬಿಟ್ಟುಕೊಡುವುದು. ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ 2024ರ ಮೇ ತಿಂಗಳಲ್ಲಿ ಫ್ಯೂರಿ ಅವರನ್ನು ಸೋಲಿಸಿ ಹೆವಿವೇಟ್‌ನ ನಾಲ್ಕೂ ಬೆಲ್ಟ್ ಪಡೆದರು, ಮರುತಿಂಗಳೇ ಐಬಿಎಫ್ ಬೆಲ್ಟ್ ಬಿಟ್ಟರು, ಅದು ಡೇನಿಯಲ್ ಡುಬಾ ಅವರಿಗೆ ಹೋಯಿತು. 2025ರ ಜುಲೈನಲ್ಲಿ ಅದೇ ಡುಬಾ ಅವರನ್ನು ವೆಂಬ್ಲಿಯಲ್ಲಿ ಐದನೇ ಸುತ್ತಿನಲ್ಲಿ ಮಲಗಿಸಿ ಬೆಲ್ಟನ್ನು ಮರಳಿ ಪಡೆದರು. ನವೆಂಬರ್ ಬರುವಷ್ಟರಲ್ಲಿ ಈ ಬಾರಿ ಡಬ್ಲ್ಯುಬಿಒ ಬೆಲ್ಟನ್ನು ಬಿಟ್ಟರು. ಅದಕ್ಕೆ ಮೊದಲು ಡಬ್ಲ್ಯುಬಿಒ ಸೂಚಿಸಿದ್ದ ಜೋಸೆಫ್ ಪಾರ್ಕರ್, ಉಸಿಕ್ ಅವರ ಗಾಯ ಮಾಗುವವರೆಗೆ ಕಾಯದೆ ಅಕ್ಟೋಬರ್‌ನಲ್ಲಿ ಫ್ಯಾಬಿಯೊ ವಾರ್ಡ್ಲಿ ಎದುರು ಆಡಿ ಹನ್ನೊಂದನೇ ಸುತ್ತಿನಲ್ಲಿ ಸೋತಿದ್ದರು. ಉಸಿಕ್ ಎದುರು ಆಡುವ ಅವಕಾಶ ಪಾರ್ಕರ್ ಕೈತಪ್ಪಿತು. ಉಸಿಕ್ ಬಿಟ್ಟ ಬೆಲ್ಟ್ ವಾರ್ಡ್ಲಿ ಸೊಂಟಕ್ಕೆ ಬಂತು.

---

ಮೈಸೂರು_ಗರಡಿ:

ನಮ್ಮ ದಸರಾ ಕುಸ್ತಿಯನ್ನು ನೋಡಿದವರಿಗೆ ಇದು ಅಷ್ಟೇನೂ ಅಪರಿಚಿತವಲ್ಲ. ಪಂದ್ಯಾವಳಿಗೆ ಮೊದಲು ಜೋಡಿ ಕಟ್ಟುವ ದಿನವೊಂದಿರುತ್ತದೆ. ಪೈಲ್ವಾನರು ಬಂದು ನಿಲ್ಲುತ್ತಾರೆ, ಉಸ್ತಾದರು ಇಬ್ಬರ ಮೈಕಟ್ಟು, ತೂಕ, ಹಿಂದಿನ ಆಟ ಎಲ್ಲವನ್ನೂ ಅಳೆದು ಕೈ ಕೂಡಿಸುತ್ತಾರೆ. ಸಮ ಜೋಡಿ ಅಲ್ಲವೆಂದು ಕಂಡರೆ ಗರಡಿಯವರೇ ತಮ್ಮ ಹುಡುಗನನ್ನು ಹಿಂದಕ್ಕೆ ಕರೆಯುತ್ತಾರೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಮ್ಯಾಚ್‌ಮೇಕರ್ ಮಾಡುವುದು ಇದನ್ನೇ, ಆದರೆ ಆತ ಸಂಬಳ ಪಡೆಯುವುದು ಒಂದು ಕಡೆಯಿಂದ.

ಭಾರತಕ್ಕೆ ಸಂಬಂಧಿಸಿದ ಒಂದು ಮಾತನ್ನೂ ಸೇರಿಸುತ್ತೇನೆ. ವಿಜೇಂದರ್ ಸಿಂಗ್ 2015ರಲ್ಲಿ ವೃತ್ತಿಪರರಾದಾಗ ಅವರಿಗೆ ಜೋಡಿ ಕಟ್ಟಿದ ರೀತಿಯನ್ನು ಕೆಲವರು ಗೇಲಿ ಮಾಡಿದರು. ಆದರೆ ಹೊಸಬನಿಗೆ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಎದುರಾಳಿಗಳನ್ನು ಕೊಡುವುದೇ ಎಲ್ಲೆಡೆಯ ಕ್ರಮ. 2016ರ ಜುಲೈನಲ್ಲಿ ದೆಹಲಿಯಲ್ಲಿ ಕೆರಿ ಹೋಪ್ ಅವರನ್ನು ಸೋಲಿಸಿ ಡಬ್ಲ್ಯುಬಿಒ ಏಷ್ಯಾ ಪೆಸಿಫಿಕ್ ಪಟ್ಟ ಪಡೆದರು. ಅಲ್ಲಿಂದ ಮೇಲಿನ ಮೆಟ್ಟಿಲಿಗೆ ಬೇಕಾದ ಎದುರಾಳಿಗಳು ಸಿಗುವ ಬದಲು ಪಂದ್ಯಗಳ ನಡುವಿನ ಅಂತರವೇ ಬೆಳೆಯಿತು. ಪ್ರಾದೇಶಿಕ ಪಟ್ಟ ಸಿಕ್ಕ ಮೇಲೆ ವರ್ಷಕ್ಕೆ ಎರಡು ಮೂರು ಒಳ್ಳೆಯ ಎದುರಾಳಿಗಳನ್ನು ತಂದು ನಿಲ್ಲಿಸುವ ವ್ಯವಸ್ಥೆ ನಮ್ಮಲ್ಲಿ ಇರಲಿಲ್ಲ, ಈಗಲೂ ಗಟ್ಟಿಯಾಗಿಲ್ಲ. ಭಾರತದ ಬಾಕ್ಸರ್ ನಿಶಾಂತ್ ದೇವ್ 2025ರಲ್ಲಿ ಅಮೆರಿಕದಲ್ಲಿಯೇ ವೃತ್ತಿ ಆರಂಭಿಸಿದುದು ಅದೇ ಕಾರಣಕ್ಕೆ ಸರಿ ಎನ್ನುತ್ತೇನೆ.

---

ಹತ್ತನೇ_ಸುತ್ತು:

ಎಡಗೈ_ಆಟಗಾರ ಅವರ ಆಕ್ಷೇಪವನ್ನು ಅರ್ಧ ಒಪ್ಪುತ್ತೇನೆ. ಅಹ್ಮದಾಲಿಯೇವ್ ಕಾದದ್ದು ದೀರ್ಘವಾಯಿತು. ಆದರೆ 2025ರ ಸೆಪ್ಟೆಂಬರ್ 14ರಂದು ನಗೋಯಾದಲ್ಲಿ ಪಂದ್ಯ ನಡೆದಾಗ ಇನೊಯೆ ನಾಕ್‌ಔಟ್‌ಗೆ ಹೋಗದೆ ಹನ್ನೆರಡು ಸುತ್ತು ಚುರುಕಾದ ಕಾಲ್ಚಲನೆಯಿಂದ ಆಡಿ 118-110, 118-110, 117-111 ಅಂಕಗಳಿಂದ ಗೆದ್ದರು. ಹೆದರಿ ತಪ್ಪಿಸಿಕೊಳ್ಳುತ್ತಿದ್ದವರ ಆಟವಾಗಿ ಅದು ನನಗೆ ಕಾಣಲಿಲ್ಲ. ಎದುರಾಳಿಯ ಬಲವನ್ನು ಗೌರವಿಸಿ, ಕಾರ್ಡೆನಾಸ್ ಎದುರು ಎರಡನೇ ಸುತ್ತಿನಲ್ಲಿ ಬಿದ್ದದ್ದನ್ನು ನೆನಪಿಟ್ಟುಕೊಂಡು ಹೆಣೆದ ಆಟ ಅದು.

ಈಗ ಮುಂದಿನ ಎದುರಾಳಿಯ ವಿಚಾರ. 2025ರ ಡಿಸೆಂಬರ್ 27ರಂದು ರಿಯಾದ್‌ನಲ್ಲಿ ಇನೊಯೆ ಅಲನ್ ಪಿಕಾಸೊ ಅವರನ್ನು ಅಂಕಗಳಿಂದ ಸೋಲಿಸಿದರು. ಅದೇ ರಾತ್ರಿ ಅದೇ ರಿಂಗಿನಲ್ಲಿ, ಇನೊಯೆ ಅವರ ಮುಂದಿನ ಎದುರಾಳಿಯೆಂದು ಯೋಜಿಸಲಾಗಿದ್ದ ಜಪಾನಿನವರೇ ಆದ ಜುಂಟೊ ನಕಾತಾನಿ ಈ ತೂಕದಲ್ಲಿ ತಮ್ಮ ಮೊದಲ ಪಂದ್ಯ ಆಡಿದರು. ಇದು ಕಾಕತಾಳೀಯವಲ್ಲ. ಆ ವರ್ಷದ ಮಾರ್ಚ್‌ನಲ್ಲಿ ಜಪಾನ್ ಬಾಕ್ಸಿಂಗ್‌ನ ವಾರ್ಷಿಕ ಪ್ರಶಸ್ತಿ ಸಮಾರಂಭದಲ್ಲಿ ಇನೊಯೆ ಎಲ್ಲರೆದುರು ನಕಾತಾನಿ ಅವರಿಗೆ, ಒಂದು ವರ್ಷದ ನಂತರ ಟೋಕಿಯೊ ಡೋಮ್‌ನಲ್ಲಿ ಸೇರೋಣವೇ ಎಂಬ ಅರ್ಥದ ಆಹ್ವಾನ ಕೊಟ್ಟಿದ್ದರು. ಎದುರಾಳಿಯ ಹೆಸರು ಒಂದು ವರ್ಷ ಮೊದಲೇ ತಿಳಿದಿರುವುದು ಈ ಕ್ರೀಡೆಯಲ್ಲಿ ಅಪರೂಪ. ಆದರೆ ಅಂಥ ಯೋಜನೆ ನಿಲ್ಲಬೇಕಾದರೆ ಇಬ್ಬರೂ ಮಧ್ಯದ ಪಂದ್ಯಗಳನ್ನೆಲ್ಲ ಗೆಲ್ಲಬೇಕು. ನಕಾತಾನಿ ಜೂನ್‌ನಲ್ಲಿ ರ‍್ಯೊಸುಕೆ ನಿಶಿದಾ ಅವರನ್ನು ಸೋಲಿಸಿ ಬ್ಯಾಂಟಮ್‌ವೇಟ್‌ನಲ್ಲಿ ಎರಡು ಬೆಲ್ಟ್ ಹಿಡಿದರು, ಅವನ್ನು ಬಿಟ್ಟು ಮೇಲಿನ ತೂಕಕ್ಕೆ ಬಂದರು, ಮತ್ತು ರಿಯಾದ್‌ನಲ್ಲಿ ಸೆಬಾಸ್ಟಿಯನ್ ಹರ್ನಾಂಡೆಜ್ ಎದುರು ಎಲ್ಲವನ್ನೂ ಕಳೆದುಕೊಳ್ಳುವ ಸ್ಥಿತಿಗೆ ಬಂದಿದ್ದರು. ಇಬ್ಬರು ತೀರ್ಪುಗಾರರ ಲೆಕ್ಕದಲ್ಲಿ ಗೆಲುವು 115-113 ಮಾತ್ರ. ಒಂದು ಸುತ್ತು ಆಚೀಚೆಯಾಗಿದ್ದರೆ ಆ ಇಬ್ಬರ ಪಟ್ಟಿಯಲ್ಲಿ ಅದು ಸಮಬಲವಾಗಿರುತ್ತಿತ್ತು, ವರ್ಷದ ಯೋಜನೆಯೂ ಅಲುಗಾಡುತ್ತಿತ್ತು.

ಹಾಗಾದರೆ ಹೀಗೇಕೆ ಅಪಾಯ ತೆಗೆದುಕೊಳ್ಳುತ್ತಾರೆ, ನೇರವಾಗಿ ಪಂದ್ಯ ಮಾಡಬಾರದೇ ಎಂದು ತಾವು ಕೇಳಬಹುದು. ನಕಾತಾನಿ ಸುಮಾರು 172 ಸೆಂಟಿಮೀಟರ್ ಎತ್ತರದವರು, ಇನೊಯೆ 165. ಅಷ್ಟು ಎತ್ತರದವರು 122 ಪೌಂಡ್ ಮಿತಿಯಲ್ಲಿ ಪೆಟ್ಟು ತಿಂದರೆ ಹೇಗೆ ತಡೆದುಕೊಳ್ಳುತ್ತಾರೆ, ನಾಲ್ಕು ಪೌಂಡ್ ಹೆಚ್ಚಿದ ಮೇಲೆ ಅವರ ಹೊಡೆತ ಎಷ್ಟು ಉಳಿಯುತ್ತದೆ ಎಂಬುದನ್ನು ಅಭ್ಯಾಸದ ಕೊಠಡಿಯಲ್ಲಿ ತಿಳಿಯಲಾಗುವುದಿಲ್ಲ. ಆ ತೂಕದಲ್ಲಿ ಗೆದ್ದು ತೋರಿಸಿದ ಹೆಸರಿಗೆ ಟಿಕೆಟ್ ಬೆಲೆಯೂ ಬೇರೆಯೇ. 2025ರ ಕೊನೆಗೆ ಇಬ್ಬರೂ 32 ಪಂದ್ಯಗಳಲ್ಲಿ 32 ಗೆದ್ದವರಾಗಿದ್ದರು.

---

ಎಡಗೈ_ಆಟಗಾರ:

ನಕಾತಾನಿ ಕೂಡ ಎಡಗೈಯವರು ಎಂಬುದನ್ನು ಸೇರಿಸಿಕೊಳ್ಳಿ. ನೆರಿ, ಡೊಹೆನಿ, ಅಹ್ಮದಾಲಿಯೇವ್ ಎಲ್ಲರೂ ಎಡಗೈಯವರೇ, ಹೀಗಾಗಿ ಇನೊಯೆ ಕಡೆಯವರಿಗೆ ಆ ಕೋನದಿಂದ ಬರುವ ಹೊಡೆತ ಹೊಸದಲ್ಲ. ಅಹ್ಮದಾಲಿಯೇವ್ ಪಂದ್ಯ ತಡವಾದರೂ ನಕಾತಾನಿಗೆ ಮೊದಲು ಬಂದದ್ದು ಒಂದು ರೀತಿಯಲ್ಲಿ ಇನೊಯೆಗೆ ಅನುಕೂಲವೇ ಆಯಿತು, ನನ್ನ ದೂರನ್ನು ಅಷ್ಟರಮಟ್ಟಿಗೆ ಸಡಿಲಿಸುತ್ತೇನೆ.

ತುಂಗಾತೀರ ಅವರಿಗೆ ಒಂದು ಸಲಹೆ. ಪಂದ್ಯದ ದಿನಾಂಕ ಹೊರಬಂದ ಕೂಡಲೇ ಮುಖ್ಯ ಪಂದ್ಯದ ಹೆಸರುಗಳಿಗಿಂತ ಅಂಡರ್‌ಕಾರ್ಡ್ ಪಟ್ಟಿಯನ್ನು ನೋಡಿ. ಅದೇ ತೂಕದಲ್ಲಿ, ಪಟ್ಟಿಯ ಹದಿನೈದರೊಳಗಿನ ಒಬ್ಬ ಬಾಕ್ಸರ್ ಯಾರೋ ಸಾಧಾರಣ ಎದುರಾಳಿಯ ವಿರುದ್ಧ ಆಡುತ್ತಿದ್ದರೆ, ಆತ ಮೀಸಲಿನವನಾಗಿರುವ ಸಾಧ್ಯತೆ ಬಹಳ. ಹಾಗೆಯೇ ಡಬ್ಲ್ಯುಬಿಸಿ ಪಂದ್ಯಗಳಲ್ಲಿ 30 ದಿನ ಮತ್ತು 7 ದಿನ ಮೊದಲು ತೂಕ ನೋಡುತ್ತಾರೆ. ಮಿತಿಗಿಂತ ಮೊದಲನೆಯದರಲ್ಲಿ ಶೇ. 10, ಎರಡನೆಯದರಲ್ಲಿ ಶೇ. 5ಕ್ಕಿಂತ ಹೆಚ್ಚಿರುವಂತಿಲ್ಲ. ಆ ಎರಡು ಅಂಕಿಗಳು ಪ್ರಕಟವಾದಾಗ ಯಾರ ಪಂದ್ಯ ಅಪಾಯದಲ್ಲಿದೆ ಎಂಬುದು ಸುದ್ದಿಗೋಷ್ಠಿಯ ಮಾತುಗಳಿಗಿಂತ ಮೊದಲೇ ತಿಳಿಯುತ್ತದೆ.